ಸದಾಶಿವಯ್ಯನವರ ಮನೆಯ ಶಿಫಾರಸು

ನಮ್ಮ ಎದುರು ಫ್ಲಾಟಿನವರು ಪಾರಿವಾಳಗಳ ಕಾಟ ತಡೆಯಲಾರದೆ ಬಾಲ್ಕನಿಯ ಉದ್ದಕ್ಕೂ ಹಳೆಯ ಸೀಡಿಗಳನ್ನು ದಾರದಲ್ಲಿ ಪೋಣಿಸಿ ಕಟ್ಟಿದ್ದಾರೆ. ಬೆಳಗಿನ ಬಿಸಿಲಿಗೆ ಅವು ಮೆಲ್ಲಗೆ ತಿರುಗುತ್ತವೆ, ನಮ್ಮ ಹಜಾರದ ಗೋಡೆಯ ಮೇಲೆ ಬಣ್ಣದ ಮೀನುಮರಿಗಳು ಓಡಾಡುತ್ತವೆ. ಪಾರಿವಾಳಗಳಿಗೆ ಈ ವ್ಯವಸ್ಥೆ ಬಹಳ ಹಿಡಿಸಿದಂತಿದೆ. ಮೊದಲಿಗಿಂತ ಹೆಚ್ಚು ಬರುತ್ತಿವೆ. ಮೊನ್ನೆ ಕಾಫಿ ಲೋಟ ಹಿಡಿದು ನಿಂತು ನೋಡುತ್ತಿದ್ದಾಗ ಒಂದು ಯೋಚನೆ ಬಂತು. ಆ ಒಂದೊಂದು ಸೀಡಿಯನ್ನೂ ಯಾವತ್ತೋ ಯಾರೋ ಇನ್ನೊಬ್ಬರ ಕೈಗಿಟ್ಟು, ಇದನ್ನು ನೀವು ಕೇಳಲೇಬೇಕು ಎಂದಿದ್ದಿರಬೇಕು.

ಈ ‘ಕೇಳಲೇಬೇಕು’ ಎನ್ನುವುದು ಒಂದು ಕಾಯಿಲೆ. ನಿಮಗೆ ಇದ್ದರೆ ಗೊತ್ತಿರುತ್ತದೆ. ಒಳ್ಳೆಯದೊಂದು ಕಿವಿಗೆ ಬಿದ್ದ ಕ್ಷಣದಿಂದ ಅದನ್ನು ಇನ್ನೊಬ್ಬರ ಕಿವಿಗೆ ದಾಟಿಸುವ ತನಕ ಸಮಾಧಾನವಿಲ್ಲ. ದಾಟಿಸಿದ ಮೇಲೆ ಅವರು ಕೇಳಿದರೋ ಇಲ್ಲವೋ ಎಂಬ ಚಿಂತೆ. ಕೇಳಿ ಸುಮ್ಮನಿದ್ದರಂತೂ ಮುಗಿಯಿತು, ಅವರ ಮನೆಯ ಮದುವೆಗೂ ಹೋಗಲು ಮನಸ್ಸಾಗುವುದಿಲ್ಲ. ನಾನು ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡುತ್ತಿದ್ದವಳು. ಅಲ್ಲಿ ಬಳಸಲು ಸಿಗದ ದೊಡ್ಡ ದೊಡ್ಡ ಮಾತುಗಳನ್ನೆಲ್ಲ ಉಳಿಸಿಟ್ಟುಕೊಂಡು ಆಲ್ಬಮ್‌ಗಳ ಶಿಫಾರಸಿನಲ್ಲಿ ಖರ್ಚು ಮಾಡುತ್ತಿದ್ದೆ. ‘ಗಹನ’, ‘ಅಲೌಕಿಕ’ ಎಂದೆಲ್ಲ ಬರೆಯುತ್ತಿದ್ದೆ. ನಾನು ಹೇಳಿದ್ದನ್ನು ಯಾರಾದರೂ ಕೇಳಿದ್ದಕ್ಕೆ ಇದುವರೆಗೂ ಪುರಾವೆ ಸಿಕ್ಕಿಲ್ಲ.

ನಮ್ಮದೊಂದು ಗುಂಪಿದೆ. ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಒಂದು ಸಣ್ಣ ಸೀಡಿ ಅಂಗಡಿಯಿತ್ತು. ಅಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಲ್ಲುತ್ತಿದ್ದ ಗಿರಾಕಿಗಳು ಕ್ರಮೇಣ ಪರಿಚಿತರಾದೆವು. ಅಂಗಡಿ ಮುಚ್ಚಿ ಅಲ್ಲಿ ಮೊಬೈಲ್ ಕವರುಗಳ ಮಳಿಗೆ ಬಂದ ಮೇಲೂ ನಾವು ಚದುರಲಿಲ್ಲ. ಫೋನಿನಲ್ಲಿ ‘ಕೇಳಿದಿರಾ?’ ಎಂಬ ಗ್ರೂಪ್ ಮಾಡಿಕೊಂಡೆವು. ಈಚೆಗೆ ಕೇಳಿ ಖುಷಿಪಟ್ಟ ಒಂದು ಆಲ್ಬಮ್ಮಿನ ಬಗ್ಗೆ ಪ್ರತಿಯೊಬ್ಬರೂ ವಾರಕ್ಕೊಮ್ಮೆ ಬರೆಯಬೇಕು, ತಿಂಗಳಿಗೊಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಬೇಕು. ನಿಯಮ ಇಷ್ಟೇ.

ಈ ಗುಂಪಿನ ಕಿರೀಟವೆಂದರೆ ಸದಾಶಿವಯ್ಯನವರು. ಚಿತ್ರದುರ್ಗದ ಕಡೆಯವರು, ವಿಮಾ ಕಚೇರಿಯೊಂದರಲ್ಲಿ ನಿವೃತ್ತರಾಗಿ ಬನಶಂಕರಿಯಲ್ಲಿ ನೆಲೆ ನಿಂತವರು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಕೆಡದ ಅರ್ಧ ತೋಳಿನ ಅಂಗಿ. ಸಭೆಯಲ್ಲಿ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ನಾವೆಲ್ಲ ರಾಗ, ತಾಳ, ಘರಾಣೆ ಎಂದು ಕಚ್ಚಾಡುವಾಗ ಮುಗುಳ್ನಗುತ್ತ ಕೂತಿರುತ್ತಿದ್ದರು. ಬಲ್ಲವರು ಮಾತಾಡುವುದಿಲ್ಲ ಎಂದು ನಾವು ನಮ್ಮ ನಮ್ಮಲ್ಲೇ ಹೇಳಿಕೊಂಡೆವು. ಆದರೆ ಅವರು ಗ್ರೂಪಿನಲ್ಲಿ ಬರೆಯುತ್ತಿದ್ದುದನ್ನು ಓದಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಆ ಆಲ್ಬಮ್ ಹುಡುಕುವಂತಾಗುತ್ತಿತ್ತು. ಒಬ್ಬ ವಯಸ್ಸಾದ ಗಾಯಕಿಯ ಬಗ್ಗೆ, ‘ಈಕೆಯ ದನಿ ಮಾರನೆಯ ದಿನದ ಹುಳಿಯ ಹಾಗೆ. ನಿನ್ನೆ ಖಾರ ಒಂದು ಕಡೆ, ಹುಣಸೆ ಒಂದು ಕಡೆ ಇತ್ತು. ಇವತ್ತು ಎಲ್ಲ ಒಂದಾಗಿದೆ’ ಎಂದು ಬರೆದಿದ್ದರು. ಒಂದು ವೀಣೆಯ ಆಲ್ಬಮ್ಮಿಗೆ, ‘ಕುಕ್ಕರ್ ಇಟ್ಟು ಕೇಳಬೇಡಿ. ಮೂರನೆಯದರಲ್ಲಿ ವಾದಕ ಸುಮ್ಮನಾಗುವ ಜಾಗವೊಂದಿದೆ, ಅಷ್ಟರಲ್ಲೇ ಅದು ಕೂಗುತ್ತದೆ’ ಎಂದು ಎಚ್ಚರಿಕೆ ಕೊಟ್ಟಿದ್ದರು. ಹೆಸರುವಾಸಿಯಾದ ಗಜಲ್ ಗಾಯಕನೊಬ್ಬನ ಹೊಸ ಆಲ್ಬಮ್ಮನ್ನು ನಾವೆಲ್ಲ ಹೊಗಳಿದಾಗ ಅವರದೊಂದೇ ಸಾಲು: ‘ಒಗ್ಗರಣೆ ಜಾಸ್ತಿಯಾಯಿತು.’

ಸದಾಶಿವಯ್ಯನವರು ಊಟಪ್ರಿಯರು ಎಂದು ನಾವು ತೀರ್ಮಾನಿಸಿದ್ದೆವು. ಒಮ್ಮೆ ನಾನು ರಸಕ್ಕೂ ರುಚಿಗೂ ಇರುವ ಸಂಬಂಧದ ಮೇಲೆ ಅವರ ಸಾಲುಗಳನ್ನೇ ಉದಾಹರಿಸಿ ಒಂದು ಸಣ್ಣ ಭಾಷಣವನ್ನೇ ಮಾಡಿದೆ. ಅವರು ತಲೆ ತಗ್ಗಿಸಿ ಕೇಳಿದರು. ವಿನಯವೆಂದುಕೊಂಡೆ.

ಅವರ ಮನೆಯಲ್ಲಿ ಸಭೆಯಾದ ದಿನ ನಮಗೆಲ್ಲ ಹಬ್ಬ. ಅವರ ಹೆಂಡತಿ ನೀಲಾಂಬಿಕೆಯವರು ಮಾಡುತ್ತಿದ್ದ ಅಕ್ಕಿರೊಟ್ಟಿ ಮತ್ತು ಹುಚ್ಚೆಳ್ಳಿನ ಚಟ್ನಿಪುಡಿ ಅಂಥದ್ದು. ಸಣ್ಣ ಆಳು, ಚುರುಕು ನಡಿಗೆ. ನಾವು ಹಜಾರದಲ್ಲಿ ಸಂಗೀತದ ಬಗ್ಗೆ ವಾದಿಸುತ್ತಿದ್ದರೆ ಅವರು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿ ಒಂದಿಷ್ಟು ಹೊತ್ತು ನಿಲ್ಲುತ್ತಿದ್ದರು, ರೊಟ್ಟಿ ಸೀಯುವ ಮೊದಲು ಒಳಗೆ ಓಡುತ್ತಿದ್ದರು. ಫ್ರಿಜ್ಜಿನ ಮೇಲೆ ಅಂಗೈಯಗಲದ ಸ್ಪೀಕರೊಂದು ಇತ್ತು. ಜಿಡ್ಡು ಹಿಡಿಯದಿರಲೆಂದು ಅದಕ್ಕೊಂದು ಹೊಲಿದ ಬಟ್ಟೆಯ ಕವಚ. ನಾನು ತಟ್ಟೆ ಇಡಲು ಒಳಗೆ ಹೋದಾಗಲೆಲ್ಲ ಅದನ್ನು ನೋಡಿದ್ದೇನೆ. ವಾರ್ತೆ ಕೇಳಲು ಇಟ್ಟುಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು ಮಹಾಂತೇಶ. ಬಾಗಲಕೋಟೆ ಕಡೆಯವನು, ಸುದ್ದಗುಂಟೆಪಾಳ್ಯದಲ್ಲಿ ಮಹಡಿಯ ಮೇಲಿನ ಒಂಟಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಬಿಟಿಎಂನ ಒಂದು ಕಚೇರಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದ. ಊರಿನಿಂದ ಬಂದ ಹೊಸತರಲ್ಲಿ, ಅಣ್ಣ ತೀರಿಹೋದ ದುಃಖದಲ್ಲಿ, ಯಾರೊಂದಿಗೂ ಮಾತಿಲ್ಲದೆ ಇದ್ದನಂತೆ. ಆಗ ಗ್ರೂಪಿನಲ್ಲಿ ಸದಾಶಿವಯ್ಯನವರು ಶಿಫಾರಸು ಮಾಡಿದ್ದ ಒಂದು ವಚನಗಾಯನದ ಆಲ್ಬಮ್ ಕೇಳಿದ. ‘ಇದರಲ್ಲಿ ಹಾಡುವವನು ಸಮಾಧಾನ ಹೇಳುವುದಿಲ್ಲ, ಪಕ್ಕದಲ್ಲಿ ಕೂರುತ್ತಾನೆ’ ಎಂದು ಅವರು ಬರೆದಿದ್ದರು. ಆ ಒಂದು ಸಾಲಿಗಾಗಿಯೇ ಅವನು ಅದನ್ನು ಕೇಳಿದ್ದು, ದಿನವೂ ಕೇಳಿದ್ದು, ಮತ್ತೆ ಮನುಷ್ಯರ ನಡುವೆ ಬಂದದ್ದು. ಮುಂದಿನ ಸಭೆ ಸದಾಶಿವಯ್ಯನವರ ಮನೆಯಲ್ಲಿತ್ತು. ಎಲ್ಲರೆದುರು ಈ ಕಥೆ ಹೇಳಿದ ಮಹಾಂತೇಶ ಎದ್ದು ಹೋಗಿ ಅವರ ಕಾಲು ಮುಟ್ಟಿದ. ಅವರು ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡರು. ನೀಲಾಂಬಿಕೆಯವರು ಬಾಗಿಲಲ್ಲಿ ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದರು. ಹುಡುಗ ಏಳುವವರೆಗೆ ಕಾದು, ಮೊದಲ ರೊಟ್ಟಿಯನ್ನು ಅವನಿಗೇ ಹಾಕಿದರು.

ಕಳೆದ ದೀಪಾವಳಿಯಾದ ಮೇಲೆ ನೀಲಾಂಬಿಕೆಯವರಿಗೆ ಜ್ವರ ಬಂತು. ಸಾಮಾನ್ಯ ಜ್ವರವೆಂದೇ ಎಲ್ಲರೂ ತಿಳಿದಿದ್ದೆವು. ಆಸ್ಪತ್ರೆಗೆ ಸೇರಿದವರು ಮನೆಗೆ ಮರಳಲಿಲ್ಲ.

ಸದಾಶಿವಯ್ಯನವರ ಶಿಫಾರಸುಗಳು ನಿಂತವು. ದುಃಖದಲ್ಲಿದ್ದಾರೆ, ಕಾಡಬಾರದು ಎಂದು ನಾವೂ ಸುಮ್ಮನಿದ್ದೆವು. ಕೆಲವು ತಿಂಗಳಾದ ಮೇಲೆ, ಅವರ ಮನಸ್ಸು ಬೇರೆ ಕಡೆ ತಿರುಗಲೆಂದು, ಒಂದಾದರೂ ಬರೆಯಿರಿ ಎಂದು ಕೇಳಿಕೊಂಡೆವು. ಆಗ ಅವರಿಂದ ಬಂದದ್ದು: ‘ಕೊಳಲಿನ ಆಲ್ಬಮ್. ಚೆನ್ನಾಗಿದೆ. ಕೇಳಬಹುದು.’ ಮುಂದಿನ ವಾರವೂ ಅಷ್ಟೇ. ವಾದ್ಯ ಮಾತ್ರ ಬೇರೆ.

ಒಂದು ಮಧ್ಯಾಹ್ನ ಅವರು ಫೋನ್ ಮಾಡಿ, ಬಿಡುವಾಗಿದ್ದರೆ ಬಂದು ಹೋಗಿ ಎಂದು ನನ್ನನ್ನು ಕರೆದರು. ಜೆಪಿ ನಗರದಿಂದ ಬನಶಂಕರಿ ಎಷ್ಟು ದೂರ, ಹೊರಟೆ. ಅವರೇ ಕಾಫಿ ಮಾಡಿ ಕೊಟ್ಟರು. ಸಕ್ಕರೆ ಮರೆತಿದ್ದರು, ನಾನು ಹೇಳಲಿಲ್ಲ.

“ಮೇಡಂ, ನನಗೆ ಸಂಗೀತ ಗೊತ್ತಿಲ್ಲ,” ಎಂದರು.

ಯಾರಿಗೆ ತಾನೇ ಪೂರ್ತಿ ಗೊತ್ತಿರುತ್ತದೆ ಎಂದು, ಇಂಥ ಸಂದರ್ಭದಲ್ಲಿ ಎಲ್ಲರೂ ಹೇಳುವ ಮಾತನ್ನೇ ನಾನೂ ಹೇಳಿದೆ.

“ಆ ಮಾತಲ್ಲ. ಕೇಳ್ತಿದ್ದೋಳು ಅವಳು. ನಾನು ಟೈಪ್ ಮಾಡ್ತಿದ್ದೆ, ಅಷ್ಟೆ.”

ಆಮೇಲೆ ನಿಧಾನವಾಗಿ ಎಲ್ಲವನ್ನೂ ಹೇಳಿದರು. ನೀಲಾಂಬಿಕೆಯವರು ಹುಡುಗಿಯಾಗಿದ್ದಾಗ ರೇಡಿಯೊ ಬಿಟ್ಟು ಏಳುತ್ತಿರಲಿಲ್ಲವಂತೆ. ಮದುವೆಯಾದ ಮೇಲೂ ಅಡುಗೆಮನೆಯಲ್ಲಿ ಏನಾದರೊಂದು ಹಾಡು ಕೇಳಿಸುತ್ತಲೇ ಇರಬೇಕು. ಹಿಂದುಸ್ತಾನಿಯಾಗಲಿ, ತಮಿಳಾಗಲಿ, ಯಾವುದೋ ದೇಶದ ತುತ್ತೂರಿಯಾಗಲಿ, ಆಕೆಗೆ ಭೇದವಿರಲಿಲ್ಲ. ಒಂದು ಸಲ ಅಂಗಡಿಯಲ್ಲಿ ಯಾರೋ ಒಳ್ಳೆಯ ಸೀಡಿ ಯಾವುದಿದೆ ಎಂದು ಕೇಳಿದಾಗ ಇವರು ಹೆಂಡತಿಯ ಮಾತನ್ನು ಹಾಗೇ ಒಪ್ಪಿಸಿದರು. ಅಲ್ಲಿದ್ದವರೆಲ್ಲ ಇವರ ಕಡೆ ತಿರುಗಿದರು.

“ಆಫೀಸಲ್ಲಿ ಅಷ್ಟು ವರ್ಷ ಇದ್ದೆ ಮೇಡಂ. ಯಾರೂ ಹಾಗೆ ತಿರುಗಿ ನೋಡಿರ್ಲಿಲ್ಲ.”

ಅಲ್ಲಿಂದ ಶುರುವಾಯಿತು. ಸಂಜೆ ಆಕೆ ರೊಟ್ಟಿ ತಟ್ಟುತ್ತ ಹೇಳುವುದು, ಇವರು ಊಟದ ಮೇಜಿನ ಬಳಿ ಕೂತು ಬರೆಯುವುದು. ನಾವು ಹೊಗಳಿ ಬರೆದದ್ದನ್ನೆಲ್ಲ ಓದಿ ಹೇಳಿದರೆ ಆಕೆ ನಗುತ್ತಿದ್ದರಂತೆ. ಮೊದಮೊದಲು ಇಬ್ಬರಿಗೂ ಅದೊಂದು ಆಟವಾಗಿತ್ತು. ಬರಬರುತ್ತ ಇವರಿಗೆ ಹೆದರಿಕೆ ಹುಟ್ಟಿತು.

“ಒಂದಿನ ಕೇಳಿದ್ಲು, ಆ ಗ್ರೂಪನ್ನ ನನ್ನ ಫೋನಿಗೂ ಹಾಕ್ಸಿ ಅಂತ. ನಾಳೆ ಹಾಕ್ತೀನಿ ಅಂದೆ. ಅವಳು ಬಂದು ನಾಲ್ಕು ಮಾತಾಡಿದ್ರೆ ನಿಮಗೆಲ್ಲ ಗೊತ್ತಾಗ್ಬಿಡುತ್ತಲ್ಲ.” ಕಾಫಿ ಲೋಟ ಪಕ್ಕಕ್ಕೆ ಸರಿಸಿ, “ಅವಳು ಮತ್ತೆ ಕೇಳ್ಲಿಲ್ಲ. ನಾನೂ ಹಾಕ್ಲಿಲ್ಲ,” ಎಂದರು.

ಮಹಾಂತೇಶ ಕಾಲು ಮುಟ್ಟಿದ ದಿನ ಆಕೆ ಏನೆಂದರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು. ಬೇಜಾರಾಯ್ತಾ ಎಂದು ಇವರು ಕೇಳಿದ್ದಕ್ಕೆ, ಹುಡುಗನಿಗೆ ಆ ಹಾಡು ಮುಟ್ಟಿತಲ್ಲ, ಸಾಕು ಎಂದರಂತೆ. ಆದರೆ ಅವತ್ತು ಸಂಜೆ ಅಡುಗೆಮನೆಯ ಸ್ಪೀಕರು ಹಾಡಲಿಲ್ಲವಂತೆ.

ಇದನ್ನು ಗುಂಪಿಗೆ ನೀವೇ ಹೇಳಿಬಿಡಿ, ನಿಮಗೆ ಮಾತು ಬರುತ್ತದೆ ಎಂದು ಕೇಳಿಕೊಂಡರು. ನನಗೆ ಬರುವ ಮಾತುಗಳು ಇದಕ್ಕೆ ಆಗುವಂಥವಲ್ಲ, ನೀವೇ ಹೇಳಬೇಕು ಎಂದೆ.

ಮುಂದಿನ ಸಭೆ ಮಹಾಂತೇಶನ ಕೋಣೆಯ ಮುಂದಿನ ತಾರಸಿಯಲ್ಲಿ ನಡೆಯಿತು. ನೀರಿನ ಟ್ಯಾಂಕುಗಳ ನಡುವೆ ಚಾಪೆ ಹಾಸಿದ್ದ. ಸದಾಶಿವಯ್ಯನವರು ಕೂರಲಿಲ್ಲ, ನಿಂತೇ, ಕಚೇರಿಯಲ್ಲಿ ವರದಿ ಓದುವವರ ಹಾಗೆ, ಒಂದನ್ನೂ ಬಿಡದೆ ಹೇಳಿದರು. ಯಾರೋ ಒಬ್ಬರು, ಗಂಡ ಹೆಂಡತಿ ಎಂದರೆ ಒಂದೇ ತಾನೇ, ಇದರಲ್ಲಿ ತಪ್ಪೇನು ಎಂದು ಹಗುರ ಮಾಡಲು ನೋಡಿದರು. ಆ ಮಾತು ಯಾರಿಗೂ ಬೇಕಿರಲಿಲ್ಲ. ಮಹಾಂತೇಶ ಚಹಾದ ಲೋಟಗಳ ತಟ್ಟೆ ಹಿಡಿದವನು ಹಾಗೇ ನಿಂತಿದ್ದ.

“ಹಂಗಂದ್ರ ನಾ ಯಾರ ಕಾಲು ಮುಟ್ಟಿದೆ ಕಾಕಾರ? ಅವ್ರು ಅಲ್ಲೇ ನಿಂತಿದ್ರು.”

“ಅಲ್ಲೇ ನಿಂತಿದ್ಲಪ್ಪ,” ಎಂದರು ಸದಾಶಿವಯ್ಯನವರು.

ಅವನು ತಟ್ಟೆಯನ್ನು ಟ್ಯಾಂಕಿನ ಕಟ್ಟೆಯ ಮೇಲಿಟ್ಟು ಕೋಣೆಯೊಳಗೆ ಹೋದ. ನಾವು ಚಹಾ ಕುಡಿದು ಒಬ್ಬೊಬ್ಬರಾಗಿ ಮೆಟ್ಟಿಲಿಳಿದೆವು. ಅಂದಿನಿಂದ ಅವನು ಗ್ರೂಪಿನಲ್ಲಿ ಒಂದು ಅಕ್ಷರ ಬರೆಯಲಿಲ್ಲ. ಸದಾಶಿವಯ್ಯನವರ ಫೋನನ್ನೂ ಎತ್ತಲಿಲ್ಲ.

ಆಮೇಲೆ ಸದಾಶಿವಯ್ಯನವರು ಮಾಡಿದ್ದು ನಾವ್ಯಾರೂ ನಿರೀಕ್ಷಿಸದ ಕೆಲಸ. ಗ್ರೂಪಿನಲ್ಲಿ ತಮ್ಮ ಹೆಸರಿನಲ್ಲಿದ್ದ ಹಳೆಯ ಶಿಫಾರಸುಗಳನ್ನು ಹಿಂದಿನಿಂದ ಹುಡುಕಿ ತೆಗೆದು, ಒಂದೊಂದರ ಕೆಳಗೂ ‘ಇದು ನೀಲಾಂಬಿಕೆಯ ಮಾತು’ ಎಂದು ಬರೆಯತೊಡಗಿದರು. ದಿನಕ್ಕೊಂದು. ಅಂದು ಆ ಆಲ್ಬಮ್ಮನ್ನು ಅಡುಗೆಮನೆಯಲ್ಲಿ ಕೂತು ಪೂರ್ತಿ ಕೇಳಿ, ಆಮೇಲೆಯೇ ಬರೆಯುತ್ತಿದ್ದರಂತೆ. ಬೆಳಗ್ಗೆ ಫೋನು ಟಿಣ್ ಎಂದರೆ ನಮಗೆ ಗೊತ್ತಾಗುತ್ತಿತ್ತು. ಹುಳಿಯ ಮಾತು ಬಂತು, ಕುಕ್ಕರಿನ ಮಾತು ಬಂತು, ಒಗ್ಗರಣೆಯ ಮಾತು ಬಂತು. ಪಕ್ಕದಲ್ಲಿ ಕೂರುವವನ ಮಾತು ಬಂದ ದಿನ ನಾನು ಮಹಾಂತೇಶನ ಉತ್ತರಕ್ಕಾಗಿ ಸಂಜೆಯವರೆಗೂ ಫೋನು ನೋಡಿದೆ. ಬರಲಿಲ್ಲ.

ಕಳೆದ ವಾರ ಹಳೆಯವೆಲ್ಲ ಮುಗಿದವೋ ಏನೋ, ಅವರಿಂದ ಹೊಸದೊಂದು ಬಂತು. ‘ಇದು ನಾನೇ ಕೇಳಿದ್ದು. ಸಾರಂಗಿ. ಮೊದಲನೆಯದರಲ್ಲಿ ನಿದ್ದೆ ಬಂತು. ಕೊನೆಯದರಲ್ಲಿ ಯಾರೋ ಏನೋ ಕೇಳಿ ಉತ್ತರಕ್ಕೆ ಕಾಯುವ ಹಾಗಿದೆ. ಹೌದೋ ಅಲ್ಲವೋ ತಿಳಿಯಲಿಲ್ಲ. ಗೊತ್ತಿದ್ದವರು ಹೇಳಿ.’

ಸಂಜೆ ಹೊತ್ತಿಗೆ ಮಹಾಂತೇಶ ಬರೆದ: ‘ಇನ್ನೊಮ್ಮೆ ಕೇಳ್ರಿ ಕಾಕಾರ. ನಾನೂ ಕೇಳ್ತೀನಿ.’

ಅದನ್ನು ನೋಡಿ ನಾನೂ ಸಾರಂಗಿ ಹಾಕಿಕೊಂಡು ಕೂತೆ. ರೂಢಿಯಂತೆ ಕಣ್ಣು ಮುಚ್ಚಿದೆ. ಕೊನೆಯದು ಬರುವ ಹೊತ್ತಿಗೆ ನೀಲಾಂಬಿಕೆಯವರು ನನ್ನೊಡನೆ ಆಡಿದ ಒಂದು ಮಾತು ನೆನಪಾಯಿತು. ಇಷ್ಟು ವರ್ಷಗಳಲ್ಲಿ ಸಂಗೀತದ ಬಗ್ಗೆ ಅವರು ನನ್ನನ್ನು ಕೇಳಿದ್ದು ಅದೊಂದೇ. ಅಡುಗೆಮನೆಯಲ್ಲಿ, ನನ್ನ ಕೈಯಿಂದ ತಟ್ಟೆ ತೆಗೆದುಕೊಳ್ಳುತ್ತ, “ನೀವು ಹಾಡು ಕೇಳೋವಾಗ ಕಣ್ಣು ಮುಚ್ಕೋತೀರಲ್ಲ, ಏನು ಕಾಣುತ್ತೆ?” ಎಂದಿದ್ದರು. ನಾನು ನಕ್ಕು, ಚಟ್ನಿಪುಡಿ ಎಷ್ಟು ದಿನ ಕೆಡದೆ ಇರುತ್ತದೆ ಎಂದು ಕೇಳಿದ್ದೆ. ಅವರು ಅದಕ್ಕೆ ಉತ್ತರ ಹೇಳಿದ್ದರು.

ಏನೂ ಕಾಣುತ್ತಿರಲಿಲ್ಲ, ನೀಲಾಂಬಿಕೆಯವರೇ. ನಾನು ಕಣ್ಣು ಮುಚ್ಚಿದ್ದನ್ನು ಉಳಿದವರು ನೋಡಿದರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ.

ಕಣ್ಣು ತೆರೆದೆ. ಸಾರಂಗಿ ಇನ್ನೂ ನುಡಿಯುತ್ತಿತ್ತು. ಸದಾಶಿವಯ್ಯನವರು ಬರೆದದ್ದು ಸರಿಯಾಗಿತ್ತು.