ಯಾರಿಗೆ ಎಂದು ಕೇಳುವ ತಾಕ್

ಸಿಯೋಲ್ ಪಕ್ಕದ ಪಾಂಗ್ಯೋದಲ್ಲಿ ಸಂದರ್ಶನಕ್ಕೆ ಬಂದವರನ್ನು ತಬ್ಬಿಬ್ಬು ಮಾಡುವುದು ಸಾಫ್ಟ್‌ವೇರ್ ಕಂಪನಿಗಳ ವಾಡಿಕೆ. ತಾಕ್ ಗ್ವಾಂಗ್‌ಸು ಮಾತ್ರ ತಾವೂ ತಬ್ಬಿಬ್ಬಾಗಿ, ಎದುರಿನವರನ್ನೂ ತಬ್ಬಿಬ್ಬು ಮಾಡಿ ಎದ್ದುಬರುತ್ತಾರೆ. ಕೆಲಸ ಕಳೆದುಕೊಂಡಿರುವ ನಲವತ್ತೆಂಟರ ಈ ಪ್ರೋಗ್ರಾಮರ್‌ಗೆ ‘ಯಾರಿಗೆ?’ ಎಂದು ಕೇಳದೆ ಕೈಯೇ ಓಡದು. ಹೆಂಡತಿ ಮೂಲಂಗಿ ತರಹೇಳಿದರೂ ಯಾರಿಗೆ ಎನ್ನುತ್ತಾರೆ, “ನನ್ನ ತಲೆಗೆ!” ಎನ್ನುತ್ತಾಳೆ ಆಕೆ. “ಕೆಲಸ ಹೋದೋರೆಲ್ಲ ಕೋಳಿ ಕರಿಯೋ ಅಂಗಡಿ ಹಾಕ್ತಾರೆ, ನಾವೂ ಹಾಕೋಣ ರೀ” ಎಂದು ರೇಗಿದರೆ, “ಯಾರಿಗೆ ಕರಿಯೋದು?” ಈ ಸಲದ ಸಂದರ್ಶನದಲ್ಲಿ ಎದುರಿಗೆ ಕೂತಿದ್ದವನು ಮಗನ ವಯಸ್ಸಿನವನು. “ನಮ್ಮಲ್ಲಿ ದೊಡ್ಡೋರು ಚಿಕ್ಕೋರು ಅಂತೇನಿಲ್ಲ, ನನ್ನ ಲಿಯೋ ಅನ್ನಿ ಸಾಕು” ಎಂದ. ತಾಕ್ ಎದ್ದು ನಿಂತು, ಸೊಂಟ ಬಗ್ಗಿಸಿ, “ಆಗಲಿ, ಲಿಯೋ ಅವರೇ” ಎಂದರು. ಲಿಯೋ ಬೋರ್ಡಿನ ಮೇಲೆ ಒಂದಿಷ್ಟು ಸಂಖ್ಯೆ ಗೀಚಿ, “ಇವನ್ನ ಕ್ರಮವಾಗಿ ಜೋಡಿಸೋ ಪ್ರೋಗ್ರಾಂ ಬರೀರಿ” ಎಂದ. “ಯಾರ ಸಂಖ್ಯೆ ಇವು?” ಎಂದರು ತಾಕ್. “ಯಾರದ್ದೂ ಅಲ್ಲ ಸಾರ್, ಬರೀ ಸಂಖ್ಯೆ.” ಯಾರದ್ದೂ ಅಲ್ಲದ ಸಂಖ್ಯೆ ಹೇಗಿರುತ್ತದೋ ತಾಕ್‌ಗೆ ತಿಳಿಯಲಿಲ್ಲ. ಇಪ್ಪತ್ತು ವರ್ಷ ಅವರ ಪ್ರೋಗ್ರಾಂ ಜೋಡಿಸಿದ್ದು ಆಸ್ಪತ್ರೆಯ ತುರ್ತು ವಿಭಾಗದ ಸಾಲನ್ನು, ಯಾರು ಮೊದಲು ಒಳಗೆ ಹೋಗಬೇಕು ಎಂಬುದನ್ನು. ಬರೆಯಲು ಎತ್ತಿದ ಕೈ ಇಳಿಸಿ ಮತ್ತೆ ತಿರುಗಿದರು: “ತಪ್ಪು ತಿಳೀಬೇಡಿ ಲಿಯೋ ಅವರೇ, ಇದರಲ್ಲಿ ಮಗು ಯಾವುದು?”