ಮಾಸಲು ಗೆರೆ

ನಮ್ಮಪ್ಪ ಸುರಪುರದಲ್ಲಿ ಪತ್ತಾರಿಕೆ ಮಾಡುವವರು. ಬಂಗಾರ ತಂದವರ ಮುಖವನ್ನು ಅವರು ನೋಡುವುದಿಲ್ಲ. ಕರಿ ಒರೆಗಲ್ಲಿನ ಮೇಲೆ ಒಡವೆಯನ್ನು ಉಜ್ಜಿ, ಬಿದ್ದ ಗೆರೆಯನ್ನಷ್ಟೇ ನೋಡುತ್ತಾರೆ. ಗೆರೆ ಮಾಸಲಾಗಿದ್ದರೆ, “ಒಯ್ರಿ, ಇದು ಖೋಟಾ ಅದ,” ಎನ್ನುತ್ತಾರೆ. ಆ ಮಾತು ಕೇಳುತ್ತಲೇ ನಾನೂ ನನ್ನ ತಂಗಿಯೂ ಬೆಳೆದದ್ದು.

ನಾನು ಕಲಿತದ್ದೂ ಬಂಗಾರದ ಕೆಲಸವೇ ಅನ್ನಿ. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ, ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಚುಕ್ಕೆಗಳನ್ನು ಸಾಲಾಗಿ ಕೂರಿಸುತ್ತೇನೆ. ಬೆಳಕು ಹಾಯಿಸಿದರೆ ಅವು ಒಂದೇ ಒಂದು ಬಣ್ಣವನ್ನು ಹಿಡಿದು ನುಂಗುತ್ತವೆ. ಮೇಲೆ ರೋಗದ ಗುರುತು ಒಂದಿಷ್ಟು ಅಂಟಿದರೂ ಸಾಕು, ನುಂಗುವ ಬಣ್ಣ ಪಕ್ಕಕ್ಕೆ ಸರಿಯುತ್ತದೆ. ಆ ಹಿಡಿತ ಚೂಪಾಗಿದ್ದಷ್ಟೂ, ಬಣ್ಣ ಕೂದಲೆಳೆಯಷ್ಟು ಸರಿದರೂ ಗೊತ್ತಾಗುತ್ತದೆ. ಅಷ್ಟು ಸಣ್ಣಗಾದ ಬಂಗಾರ ಕೆಂಪಗೆ ಕಾಣುವುದೂ ಉಂಟು ಎಂದು ಒಮ್ಮೆ ಅಪ್ಪನಿಗೆ ಹೇಳಿದ್ದೆ.

“ಕೆಂಪಗ ಅದ ಅಂದ್ರ ತಾಮ್ರ ಕೂಡಿಸ್ಯಾರ. ನಿನಗ ಯಾರೋ ಟೋಪಿ ಹಾಕ್ಯಾರ,” ಎಂದು ಅಪ್ಪ ಊದುಗೊಳವೆಯನ್ನು ಬಾಯಿಗಿಟ್ಟರು.

ಹೋದ ವರ್ಷ ದಸರೆಗೆ ನಾನು ಊರಿಗೆ ಬಂದಾಗ, ಶಹಾಪುರದ ಗಂಡನ ಮನೆಯಿಂದ ತಂಗಿಯೂ ಬಂದಿದ್ದಳು. ಅವಳಿಗೆ ಎರಡು ಸಲ ಬಸಿರು ನಿಂತು, ಎರಡೂ ಸಲ ಇಳಿದುಹೋಗಿತ್ತು. ಅವ್ವ ತಿಂಥಣಿ ಮೌನಪ್ಪನಿಗೆ ಹರಕೆ ಹೊತ್ತಿದ್ದಳು. ಈಗ ಮತ್ತೆ ಮುಟ್ಟು ತಪ್ಪಿತ್ತು. ಔಷಧಿ ಅಂಗಡಿಯ ಕಿಟ್ ತಂದು ಬೆಳಗಿನ ಮೂತ್ರದ ಹನಿ ಹಾಕಿ ನೋಡು, ಎರಡನೆಯ ಗೆರೆ ಬರದಿದ್ದರೆ ಮುಟ್ಟು ಬರಿಸುವ ಈ ಗುಳಿಗೆ ಶುರುಮಾಡು ಎಂದು ಡಾಕ್ಟರಮ್ಮ ಹೇಳಿದ್ದರಂತೆ.

ಬನ್ನಿ ಹಬ್ಬದ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಅವಳ ಅಂಗೈಯಲ್ಲಿ ಗುಳಿಗೆ ಇತ್ತು, ಇನ್ನೊಂದು ಕೈಯಲ್ಲಿ ನೀರು.

“ಗೆರಿ ಬರಲಿಲ್ಲೇನು?” ಎಂದೆ.

“ಬಂದದ ಅಕ್ಕಾ. ಮಾಸಲ ಅದ. ಖೋಟಾ.”

ಪತ್ತಾರರ ಮಗಳಲ್ಲದೆ ಇನ್ಯಾರೂ ಹೀಗೆ ತಪ್ಪು ತಿಳಿಯುತ್ತಿರಲಿಲ್ಲ. ಗುಳಿಗೆ ಕಿತ್ತುಕೊಂಡು ಚೆನ್ನಾಗಿ ಬೈದೆ. “ಹುಚ್ಚಿ, ಇದು ಅಪ್ಪನ ಕಲ್ಲಲ್ಲ. ಮಾಸಲ ಇದ್ರೂ ಗೆರಿ ಗೆರಿನ. ಬಂದದ ಅಂದ್ರ ಬಸಿರು ಅದ.”

ಅವಳು ಆಗಷ್ಟೇ ಬಚ್ಚಲ ಬಳಿ ಬಿಸಾಕಿದ್ದ ಕಿಟ್ ಎತ್ತಿಕೊಂಡು ಅಪ್ಪನ ಮುಂದೆ ಹಿಡಿದೆ. ತೆಳ್ಳನೆಯ ಕೆಂಪು ಗೆರೆ. “ನೋಡ್ರಿ ಅಪ್ಪಾ, ಇದು ಬಂಗಾರನ. ನಾ ಹೇಳಿದ್ದೆನಲ್ಲ, ಅದೇ ಕೆಂಪು ಬಂಗಾರ. ಬಸಿರಿನ ಗುರುತು ಹಿಡಕೊಂಡು ನಿಂತದ.”

ಅಪ್ಪ ಭೂತಗನ್ನಡಿ ಹಚ್ಚಿ ಬಹಳ ಹೊತ್ತು ನೋಡಿದರು. ತಾಮ್ರದ ಮಾತೆತ್ತಲಿಲ್ಲ. “ಮಾಸಲ ಅದ,” ಎಂದವರು ತಂಗಿಯ ಕಡೆ ತಿರುಗಿ, “ಇರ್ಲಿ ಬಿಡವ್ವ, ನಮ್ಮದ ಅದ,” ಎಂದರು. ಸಂಜೆ ಬನ್ನಿ ಎಲೆ ಕೊಟ್ಟವರೆಲ್ಲ “ಬಂಗಾರದಂಗ ಇರವ್ವ,” ಎಂದಾಗ ಅವಳು ನಕ್ಕಳು.

ಮುಂದಿನ ದಿನಗಳಲ್ಲಿ ಹೊಸ ಕಿಟ್ ತಂದು ನೋಡಿದರೂ ಗೆರೆ ಗಾಢವಾಗಲಿಲ್ಲ. ಯಾದಗಿರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರಮ್ಮ, ಬಸಿರಿನ ಗುರುತು ತೀರಾ ಕಡಿಮೆ ಇದೆ, ನಿಲ್ಲುವುದು ಕಷ್ಟ ಎಂದರು. ಆ ವಾರದಲ್ಲೇ ಅದೂ ಹೋಯಿತು. ನನಗೆ ನನ್ನ ವಿದ್ಯೆಯ ಮೇಲೇ ಸಿಟ್ಟು ಬಂತು. ಎಷ್ಟು ಚೂಪು ಮಾಡಿದರೇನು, ಇರುವುದನ್ನು ಬೇಗ ಹೇಳುತ್ತದೆ, ಉಳಿಸಿಕೊಡುವುದಿಲ್ಲ. ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳಿಗೆ ಈ ದುಃಖವಾದರೂ ತಪ್ಪುತ್ತಿತ್ತೇನೋ ಎಂದೂ ಅನಿಸಿತು. ತಂಗಿ ಮಾತ್ರ ಅಳಲಿಲ್ಲ. ಮೊದಲೆರಡು ಸಲವೂ ಅತ್ತಿರಲಿಲ್ಲ.

ಅವಳು ಶಹಾಪುರಕ್ಕೆ ಹೊರಟ ದಿನ, ಅಪ್ಪನ ಪೆಟ್ಟಿಗೆಯಲ್ಲಿ ಒರೆಗಲ್ಲಿನ ಪಕ್ಕ ಒಂದು ಪೊಟ್ಟಣ ಕಂಡಿತು. ಒಡವೆ ಸುತ್ತಿ ಕೊಡುವ ಗುಲಾಬಿ ಕಾಗದ. ಅವಳೇ ಬಿಚ್ಚಿದಳು. ಒಳಗೆ ಆ ಕಿಟ್ ಇತ್ತು.

“ಇದನ್ಯಾಕ ಇಟ್ಟೀರಿ ಅಪ್ಪಾ? ಒಗೀರಿ,” ಎಂದಳು.

ಅಪ್ಪ ಅದನ್ನು ಇಸಿದುಕೊಂಡು ಮತ್ತೆ ಕಾಗದದಲ್ಲಿ ಸುತ್ತಿದರು. “ಖೋಟಾ ಅಲ್ಲಲ್ಲವ್ವ,” ಎಂದರು. “ಹ್ಯಾಂಗ ಒಗೀಲಿ?”

ತಂಗಿ ಕುಲುಮೆಯ ಪಕ್ಕ ಕುಳಿತಳು. ಮೂರಕ್ಕೂ ಸೇರಿಸಿ ಅವತ್ತು ಅತ್ತಳು.