ಇಲ್ಲಿ ಜಗಳವಾಯಿತು, ಮುಂದೆ ಓದಿ

ಹೋದ ತಿಂಗಳು ತೀರ್ಥಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಒಬ್ಬಾತ ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದ. ಈಗೆಲ್ಲ ಫ್ಲೆಕ್ಸಿನ ಕಾಲ. ಬಕೆಟ್ಟಿನಲ್ಲಿ ಅಂಟು ಕಲಸಿಕೊಂಡು ಬಂದು, ಗೋಡೆಗೆ ಬಳಿದು, ಕಾಗದವನ್ನು ಅಂಗೈಯಿಂದ ಸವರುವವರು ಅಪರೂಪ. ಶಾಲೆಯಲ್ಲಿ ಪಾಠ ಮುಗಿಸಿ ಮನೆಗೆ ಹೊರಟಿದ್ದ ನಾನು ಆ ವಾಸನೆಗೆ ನಿಂತುಬಿಟ್ಟೆ. ಬೇಯಿಸಿದ ಮೈದಾ ಹಿಟ್ಟಿಗೆ ಹುಳ ಬೀಳದಂತೆ ಚಿಟಿಕೆ ಮೈಲುತುತ್ತ ಹಾಕಿದ ವಾಸನೆ ಅದು, ನಿಮಗೂ ಗೊತ್ತಿದ್ದೀತು. ಅದನ್ನು ಸುವಾಸನೆ ಎಂದು ಯಾರೂ ಹೇಳಲಾರರು. ಆದರೆ ಅದು ಮೂಗಿಗೆ ಬಡಿದರೆ ಸಾಕು, ನನ್ನ ಮಂಡಿನೋವು, ಕನ್ನಡಕ, ತಿದ್ದಬೇಕಾದ ಗಣಿತದ ಉತ್ತರಪತ್ರಿಕೆಗಳು ಎಲ್ಲ ಮಾಯವಾಗಿ ನಾನು ಹತ್ತು ವರ್ಷದವಳಾಗಿಬಿಡುತ್ತೇನೆ. ತಲೆಯೆತ್ತಿ ಪೋಸ್ಟರ್ ನೋಡಿದೆ. ಎದೆಯ ಮೇಲೆ ಗಾಯದ ಗುರುತುಗಳಿದ್ದ ಗಂಡಸೊಬ್ಬ ಕೊಡಲಿ ಹಿಡಿದು ನಿಂತಿದ್ದ. ಬೆರಳಿಟ್ಟು ಎಣಿಸಿದೆ. ಏಳಿದ್ದವು.

ಏಳುಗಾಯದ ಕೆಂಚ! ನನ್ನ ಕೆಂಚ ಸಿನಿಮಾ ಆಗಿದ್ದಾನೆ!

ನೀವು ಅವನನ್ನು ಓದಿರಲಾರಿರಿ. ಅವನು ಏಳೇ ಏಳು ತೆಳ್ಳಗಿನ ಚಿತ್ರಕಥೆ ಪುಸ್ತಕಗಳಲ್ಲಿ ಬದುಕಿದ್ದವನು. ಏಳು ಜನ ಸೇರಿ ಅವನ ತಮ್ಮನನ್ನು ಕೊಂದು, ಅವನಿಗೂ ತಲಾ ಒಂದರಂತೆ ಏಳು ಏಟು ಹಾಕಿ, ಸತ್ತನೆಂದು ಬಿಟ್ಟುಹೋಗುತ್ತಾರೆ. ಅವನು ಸಾಯುವುದಿಲ್ಲ. ಪುಸ್ತಕಕ್ಕೊಬ್ಬನಂತೆ ಹುಡುಕಿ ಹುಡುಕಿ ಮುಗಿಸುತ್ತಾನೆ. ಕಥೆ ಇಷ್ಟೇ. ಹತ್ತು ವರ್ಷದ ಹುಡುಗಿಯೊಬ್ಬಳು ಇಂಥದ್ದನ್ನು ಮೆಚ್ಚಿ ಓದುತ್ತಿದ್ದಳೇ ಎಂದು ನೀವು ಹುಬ್ಬೇರಿಸಬಹುದು. ಓದುತ್ತಿದ್ದಳು. ಆದರೆ ಅವಳು ಓದಿದ್ದು ಸುಶೀಲಕ್ಕನ ಕೆಂಚನನ್ನು.

ನಾನು ಬೆಳೆದ ಹೊಸನಗರದಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಸುಶೀಲಕ್ಕನ ಹೊಲಿಗೆ ಅಂಗಡಿ. ಆಗ ಅವರಿಗೆ ಮೂವತ್ತರ ಆಸುಪಾಸು, ಒಂಟಿ ಹೆಂಗಸು. ಊರಿನ ಅರ್ಧ ಹೆಣ್ಣುಮಕ್ಕಳ ಲಂಗ ರವಿಕೆಗಳು ಅವರ ಮಷಿನ್ನಿನಡಿ ಹಾದುಬಂದವು. ಮಷಿನ್ನಿನ ಪಕ್ಕದಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು, ಅದರ ತುಂಬ ಚಿತ್ರಕಥೆಗಳು. ಓದಲು ಪುಕ್ಕಟೆ ಕೊಡುತ್ತಿದ್ದರು. ಒಂದೇ ಷರತ್ತು, ಕೈ ತೊಳೆದಿರಬೇಕು.

"ಕೈ ತೊಳ್ಕೊಂಡ್ರೇನ್ರೇ? ತೋರ್ಸಿ ನೋಡಾಣ. ಇದೆಂತದು ಉಗುರಲ್ಲಿ, ಮಾವಿನ್ಕಾಯಿ ಸೊನೆಯಾ? ಹೋಗು, ಇನ್ನೊಂದ್ಸಲ ತೊಳ್ಕೊಂಡು ಬಾ."

ಕೆಂಚನ ಪುಸ್ತಕಗಳಲ್ಲಿ ರಕ್ತ ಬಂದ ಕಡೆಯೆಲ್ಲ ಅವರು ಚೀಟಿ ಅಂಟಿಸಿದ್ದರು. ಹಳೆಯ ಕ್ಯಾಲೆಂಡರಿನ ದಪ್ಪ ಕಾಗದವನ್ನು ಬಟ್ಟೆ ಕತ್ತರಿಸುವಷ್ಟೇ ನಾಜೂಕಾಗಿ ಚಿತ್ರದ ಅಳತೆಗೆ ಕತ್ತರಿಸಿ, ಮೈದಾ ಅಂಟಿನಿಂದ ಮೆತ್ತುತ್ತಿದ್ದರು. ಬರೀ ಮುಚ್ಚಿ ಸುಮ್ಮನಾಗುವ ಜಾಯಮಾನ ಅವರದಲ್ಲ. ಕಥೆ ಎಲ್ಲಿ ತಪ್ಪಿಹೋಗುವುದೋ ಎಂದು ಚೀಟಿಯ ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದರು. "ಇಲ್ಲಿ ಜಗಳವಾಯಿತು, ಮುಂದೆ ಓದಿ." "ಕೆಂಚ ಇವನಿಗೆ ಹೊಡೆದ. ಇವನು ಬಿದ್ದ." ಮೂರನೆಯ ಪುಸ್ತಕದ ಕೊನೆಯಲ್ಲಿ ಇಡೀ ಪುಟಕ್ಕೆ ಒಂದೇ ಚೀಟಿ. "ಇವನೂ ಹೋದ. ತುಂಬಾ ಕೆಟ್ಟವನಾಗಿದ್ದ, ಬೇಜಾರು ಮಾಡಿಕೊಳ್ಳಬೇಡಿ." ನಮ್ಮ ಮನೆಗಳಲ್ಲಿ ಇಂಥ ಪುಸ್ತಕಕ್ಕೆ ಪ್ರವೇಶ ಸಿಕ್ಕಿದ್ದೇ ಈ ಚೀಟಿಗಳ ದೆಸೆಯಿಂದ. ಮೇಷ್ಟ್ರಾಗಿದ್ದ ನನ್ನಪ್ಪ ಕೂಡ ತಿರುವಿ ಹಾಕಿ ನಕ್ಕು ವಾಪಸು ಕೊಟ್ಟಿದ್ದರು.

ಚೀಟಿಯ ಕೆಳಗೆ ಏನಿದ್ದೀತು ಎಂದು ಊಹಿಸುವುದು ನಮ್ಮ ದೊಡ್ಡ ಆಟವಾಗಿತ್ತು. ಬೇಲಿಯ ಮೇಲೆ ಕೂತು ಒಬ್ಬೊಬ್ಬರೂ ಒಂದೊಂದು ಹೇಳುತ್ತಿದ್ದೆವು. ಯಾವ ಚಿತ್ರಕಾರನೂ ಬರೆಯಲಾರದಷ್ಟು ಭಯಂಕರವಾಗಿ ಕೆಂಚ ನಮ್ಮ ತಲೆಯೊಳಗೆ ಹೊಡೆದಾಡಿದ. ಈಗ ಸಿನಿಮಾದವರು ಕೋಟ್ಯಂತರ ಸುರಿದು ಮಾಡುವುದನ್ನು ಲಂಗ ತೊಟ್ಟ ನಾವು ಎಂಟು ಹುಡುಗಿಯರು ಪುಕ್ಕಟೆಯಾಗಿ ಮಾಡಿದ್ದೆವು.

ಎಲ್ಲಿದ್ದೆ? ಹಾಂ, ಪೋಸ್ಟರ್. ನಮ್ಮೂರಿನ ವಾರಪತ್ರಿಕೆಯ ಸಂಪಾದಕರ ಮುಂದೆ ಬಾಯಿತಪ್ಪಿ ಇದನ್ನೆಲ್ಲ ಹೇಳಿದೆ. ಅವರು ಬಿಡಲಿಲ್ಲ. "ಮೇಡಂ, ಆ ಪುಸ್ತಕ ಓದಿದವ್ರು ನಂಗೆ ಸಿಕ್ಕಿದ್ದು ನೀವೊಬ್ರೇ. ಸಿನಿಮಾದ ಗುಣ ಎಷ್ಟು, ದೋಷ ಎಷ್ಟು, ಬರ್ದ್ಕೊಡಿ" ಎಂದರು. ಇಪ್ಪತ್ತು ವರ್ಷ ಗಣಿತ ಕಲಿಸಿದವಳಿಗೆ ವಿಮರ್ಶೆ ಎಂದರೆ ಹಾಳೆಯ ನಡುವೆ ಒಂದು ಗೆರೆ ಎಳೆಯುವುದು, ಎಡಕ್ಕೆ ಗುಣ, ಬಲಕ್ಕೆ ದೋಷ. ಹಾಗೆಯೇ ಎಳೆದುಕೊಂಡು, ಪರ್ಸಿನಲ್ಲಿ ಮಡಚಿಟ್ಟುಕೊಂಡು, ಮಧ್ಯಾಹ್ನದ ಆಟಕ್ಕೆ ಹೋಗಿ ಕೂತೆ. ಇಡೀ ಥಿಯೇಟರಿನಲ್ಲಿ ನರೆಗೂದಲು ನನ್ನದೊಂದೇ. ಟಿಕೆಟ್ ಹರಿಯುವಾತ "ಇದು ಭಾರೀ ಹೊಡೆದಾಟದ್ದು ಮೇಡಂ" ಎಂದು ಎಚ್ಚರಿಸಿದ. ನನಗಿಂತ ಮೊದಲು ಯಾರಿಗೆ ಗೊತ್ತು ಮಾರಾಯ, ಎಂದುಕೊಂಡೆ.

ಗುಣದ ಕಡೆ ಮೊದಲು ಹೇಳಿಬಿಡುತ್ತೇನೆ. ಮೊದಲ ಹೊಡೆದಾಟ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ನಡೆಯುತ್ತದೆ. ಕ್ಯಾಮೆರಾ ಆ ಕಡೆ ಈ ಕಡೆ ಹಾರದೆ ಒಂದೇ ಕಡೆ ನಿಂತು ನೋಡುತ್ತದೆ. ಯಾರು ಯಾರಿಗೆ ಹೊಡೆದರು, ಎಲ್ಲಿಗೆ ತಾಗಿತು, ಎಲ್ಲ ಸ್ಪಷ್ಟ. ಹೊಡೆದಾಟ ಮುಗಿದ ಮೇಲೆ ಕೆಂಚ ಅಂಗಿಯ ಗುಂಡಿ ಹಾಕಿಕೊಳ್ಳಲು ಹೋಗುತ್ತಾನೆ. ಬೆರಳು ನಡುಗಿ ಗುಂಡಿ ಸಿಗುವುದೇ ಇಲ್ಲ. ಹೊಡೆದವನಿಗೂ ನೋವಾಗುತ್ತದೆ ಎಂಬುದು ನನ್ನ ಏಳು ಪುಸ್ತಕಗಳಲ್ಲಿ ಎಲ್ಲೂ ಇರಲಿಲ್ಲ. ಮೂರನೆಯವನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು "ಇವನನ್ನು ಕೊಂದರೆ ನನ್ನ ಮಗ ಯಾರನ್ನು ಹುಡುಕಿಕೊಂಡು ಹೋಗಬೇಕು?" ಎಂದು ಕೇಳುತ್ತಾಳೆ. ಪುಸ್ತಕದಲ್ಲಿ ಆ ಹೆಂಗಸಿಗೆ ಮಾತೇ ಇರಲಿಲ್ಲ. ಕೆಂಚನಾದ ನಟನ ಕಣ್ಣುಗಳೂ ಚೆನ್ನಾಗಿವೆ. ಮಧ್ಯಂತರದ ಹೊತ್ತಿಗೆ ನನ್ನ ಎಡಗಡೆಯ ಅಂಕಣ ತುಂಬಿತ್ತು.

ಆಮೇಲೆ ಏನಾಯಿತೋ, ಸಿನಿಮಾಕ್ಕೆ ಹುಚ್ಚು ಹಿಡಿಯಿತು. ಏಳು ಜನ ಸಾಲದಾದರು. ಗೋದಾಮಿನ ತುಂಬ, ಹಡಗಿನ ತುಂಬ ಜನ ಬಂದು ಸಾಲಾಗಿ ನಿಂತು ಸತ್ತರು. ಎಣಿಸುವುದು ನನ್ನ ಕಸುಬು, ನನಗೂ ಎಪ್ಪತ್ತರ ಆಚೆ ಲೆಕ್ಕ ತಪ್ಪಿತು. ಏಳರಲ್ಲಿ ಒಬ್ಬೊಬ್ಬನಿಗೂ ಮುಖವಿತ್ತು, ಹೆಸರಿತ್ತು. ಎಪ್ಪತ್ತು ಜನಕ್ಕೆ ಏನಿರುತ್ತದೆ? ರಕ್ತ ಪರದೆಯ ಮೇಲೆ ಹಾರಿದಾಗೆಲ್ಲ ಶಿಳ್ಳೆ. ನಾನು ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಹೇಳಿಕೊಳ್ಳತೊಡಗಿದೆ, ಇಲ್ಲಿ ಜಗಳವಾಯಿತು, ಮುಂದೆ ನೋಡಿ, ಮುಂದೆ ನೋಡಿ. ಸುಶೀಲಕ್ಕ ಮುಚ್ಚಿದ್ದೆಲ್ಲವನ್ನೂ ಸಿನಿಮಾದವರು ತೆರೆದು ತೋರಿಸಿದ್ದರು. ಒಂದನ್ನು ಬಿಟ್ಟು. ನಾನು ಕಾದು ಕೂತಿದ್ದು ಆ ಒಂದಕ್ಕೆ. ಸಿನಿಮಾ ಮುಗಿದು ದೀಪ ಹತ್ತಿತು, ಅದು ಬರಲೇ ಇಲ್ಲ.

ಆ ಒಂದರ ಸಂಗತಿ ಹೇಳಲೇಬೇಕು. ಹೇಳಲು ನಾಚಿಕೆಯಾಗುತ್ತದೆ.

ನಾಲ್ಕನೆಯ ಪುಸ್ತಕದ ನಡುವೆ ಒಂದು ಚೀಟಿಯ ಮೇಲೆ ಏನೂ ಬರೆದಿರಲಿಲ್ಲ. ಜಗಳ ಎಂದಿಲ್ಲ, ಬಿದ್ದ ಎಂದಿಲ್ಲ. ಬರೀ ಬಿಳಿ. ಸುಶೀಲಕ್ಕನಿಗೇ ಬರೆಯಲಾಗಲಿಲ್ಲ ಎಂದರೆ ಅದರಡಿಯಲ್ಲಿ ಅದೆಂಥ ಘೋರವಿರಬೇಕು! ಮೂರು ದಿನ ನನಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಅಮ್ಮ ಪಕ್ಕದ ಮನೆಗೆ ಹೋದದ್ದೇ ತಡ, ಕುದಿಯುತ್ತಿದ್ದ ಅನ್ನದ ಪಾತ್ರೆಯ ಮುಚ್ಚಳ ಸರಿಸಿ ಪುಟವನ್ನು ಹಬೆಗೆ ಹಿಡಿದೆ. ಅಂಟು ಸಡಿಲಾಯಿತು. ಚೀಟಿ ಎದ್ದು ಬಂತು.

ರಕ್ತವಿರಲಿಲ್ಲ. ಕೆಂಚ ತನ್ನ ಗುಡಿಸಲಲ್ಲಿ ನೆಲದ ಮೇಲೆ ಕೂತಿದ್ದ. ಮುಂದೆ ಎರಡು ತಟ್ಟೆ ಇಟ್ಟುಕೊಂಡಿದ್ದ. ಎರಡಕ್ಕೂ ಬಡಿಸಿದ್ದ. ಆಮೇಲೆ ತಮ್ಮನಿಲ್ಲವೆಂಬುದು ನೆನಪಾಗಿ ಎರಡನೆಯ ತಟ್ಟೆಯನ್ನು ನೋಡುತ್ತಿದ್ದ. ಅಷ್ಟೇ.

ಇಷ್ಟೇನಾ ಎಂದು ನನಗೆ ಮೋಸವಾದಂತಾಯಿತು. ಆದರೆ ಇಷ್ಟೇ ಎಂದು ಗೆಳತಿಯರಿಗೆ ಹೇಳುವುದು ಹೇಗೆ? "ಅಯ್ಯಪ್ಪಾ, ಹೇಳೋಕಾಗಲ್ಲ" ಎಂದು ಕೊಚ್ಚಿಕೊಂಡು, ಹಬೆಯ ಉಪಾಯವನ್ನೂ ಕಲಿಸಿಬಿಟ್ಟೆ. ಒಂದೇ ವಾರದಲ್ಲಿ ಏಳೂ ಪುಸ್ತಕಗಳ ಚೀಟಿಗಳು ಎದ್ದವು. ಕೆಲವು ಚಿತ್ರದ ಸಮೇತ ಹರಿದು ಬಂದವು. ಗೆಳತಿಯೊಬ್ಬಳ ಅಪ್ಪ ಬಿಚ್ಚಿದ ಪುಟ ನೋಡಿ ಪುಸ್ತಕವನ್ನು ಸುಶೀಲಕ್ಕನ ಮಷಿನ್ನಿನ ಮೇಲೆ ಎಸೆದರು.

"ಹೆಣ್ಮಕ್ಳಿಗೆ ಓದೋಕೆ ಕೊಡೋ ಪುಸ್ತಕನಾ ಇದು? ನೀವು ಲಂಗ ಹೊಲ್ಕೊಂಡಿದ್ರೆ ಸಾಕು."

ಸಂಜೆ ಸುಶೀಲಕ್ಕ ನಮ್ಮನ್ನೆಲ್ಲ ಕರೆದು ಕೇಳಿದರು. "ಮೊದ್ಲು ಕಿತ್ತೋರು ಯಾರು ಅಂತ ಹೇಳಿ. ಬೈಯಲ್ಲ." ಯಾರೂ ಬಾಯಿ ಬಿಡಲಿಲ್ಲ. ನಾನು ಮಷಿನ್ನಿನ ಚಕ್ರವನ್ನೇ ನೋಡುತ್ತ ನಿಂತಿದ್ದೆ. ಮರುದಿನ ಕಪಾಟಿಗೆ ಬೀಗ ಬಿತ್ತು. ಮತ್ತೆ ತೆರೆಯಲಿಲ್ಲ. ಒಂದೆರಡು ವರ್ಷದಲ್ಲಿ ಅವರು ಅಂಗಡಿ ಮುಚ್ಚಿ, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸ ಸಿಕ್ಕಿ ಸಾಗರಕ್ಕೆ ಹೋದರು.

ನಾನು ಬಿ.ಎಡ್. ಓದುವಾಗ ಸುಶೀಲಕ್ಕನ ಮಾತು ಬಂದು ಅಮ್ಮ ಹೇಳಿದಳು. "ಆ ಪುಸ್ತಕ ಎಲ್ಲ ಅವಳ ತಮ್ಮ ಮಂಜುಂದು ಕಣೆ. ಜ್ವರ ಬಂದು ಹತ್ತೊಂಬತ್ತಕ್ಕೇ ಹೋಗ್ಬಿಟ್ಟ. ಇಬ್ರೇ ಇದ್ದಿದ್ದು ಮನೇಲಿ. ಅವನ ಪುಸ್ತಕ ಯಾರಾದ್ರೂ ಓದ್ತಿರ್ಲಿ ಅಂತ ಕೊಡ್ತಿದ್ಲು." ಏನೂ ಬರೆಯದ ಆ ಚೀಟಿಯನ್ನು ಅವರು ನಮಗಾಗಿ ಅಂಟಿಸಿರಲಿಲ್ಲ, ತಮಗಾಗಿ ಅಂಟಿಸಿಕೊಂಡಿದ್ದರು. ಆಮೇಲೆ ಸಾಗರದ ಪೇಟೆಯಲ್ಲಿ ಎರಡು ಸಲ ಅವರನ್ನು ಕಂಡೆ. ಎರಡು ಸಲವೂ ರಸ್ತೆಯ ಆಚೆ ಬದಿಗೆ ದಾಟಿದೆ. ನಾನು ಅಂಥ ಧೈರ್ಯವಂತೆ. ಆದರೆ ಅವರನ್ನು ನೆನೆಯದ ವರ್ಷವಿಲ್ಲ. ಹೊಸ ರವಿಕೆ ತೊಟ್ಟಾಗೆಲ್ಲ, ಭುಜ ಹಿಡಿದು ನನ್ನನ್ನು ತಿರುಗಿಸಿ ನೋಡುತ್ತಿದ್ದ ಅವರ ಕೈ ಬೇಕೆನಿಸುತ್ತದೆ.

ಥಿಯೇಟರಿನಿಂದ ಬಂದವಳಿಗೆ ಬಲಗಡೆಯ ಅಂಕಣದ ಕೊನೆಯ ಸಾಲು ಬರೆಯಲಾಗಲಿಲ್ಲ. ಆ ಎರಡು ತಟ್ಟೆಗಳ ಚಿತ್ರ ಸಿನಿಮಾದಲ್ಲಿಲ್ಲ ಎಂದು ಪತ್ರಿಕೆಯಲ್ಲಿ ಹಾಕುವ ಮೊದಲು ಹೇಳಬೇಕಾದವರು ಒಬ್ಬರಿದ್ದರು. ಭಾನುವಾರ ಬೆಳಿಗ್ಗೆ ಸಾಗರದ ಬಸ್ಸು ಹತ್ತಿದೆ. ಹೊಸನಗರದಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ, ಇಲ್ಲೇ ಇಳಿದು ವಾಪಸು ಹೋಗಿಬಿಡಲೇ ಎಂದು ಒಮ್ಮೆ ಎದ್ದು ನಿಂತು ಮತ್ತೆ ಕೂತೆ.

ಸುಶೀಲಕ್ಕನಿಗೆ ಈಗ ಅರವತ್ತೈದು ದಾಟಿದೆ. ಸಾಗರದ ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ, ಎರಡು ಮಷಿನ್, ಭಾನುವಾರವೂ ಕಲಿಯಲು ಬರುವ ಇಬ್ಬರು ಹುಡುಗಿಯರು. ಬಾಗಿಲಲ್ಲಿ ನಿಂತವಳನ್ನು ಕನ್ನಡಕದ ಮೇಲಿಂದ ನೋಡಿದರು.

"ಮೇಷ್ಟ್ರ ಮಗಳಲ್ದನೇ ನೀನು? ಎಷ್ಟು ದಪ್ಪ ಆಗಿದೀಯೆ! ಬಾ, ಕೂತ್ಕೊ. ರವಿಕೆ ಯಾರು ಹೊಲ್ದಿದ್ದು? ತೋಳು ಕೆಡ್ಸಿದಾರೆ."

ಸಿನಿಮಾದ ವಿಷಯ ತೆಗೆದೆ. ಮರದ ಮಿಲ್ಲು, ಗುಂಡಿ, ಹಡಗು, ಎಲ್ಲ ಹೇಳಿದೆ. ಅವರು ರವಿಕೆಯೊಂದರ ಹೊಲಿಗೆ ಬಿಚ್ಚುತ್ತ ಕೇಳುತ್ತಿದ್ದರು. "ಕೆಂಚನ ಅಂಗಿ ಎಂತ ಬಣ್ಣ ಮಾಡಿದಾರೆ?" ಎಂದರು. ಕಪ್ಪು ಎಂದೆ. "ಥೂ, ಕೆಮ್ಮಣ್ಣಿನ ಬಣ್ಣ ಅದು. ಅಷ್ಟೂ ನೋಡಿಲ್ವಾ ಅವ್ರು?" ಎಂದು ನಿಜವಾಗಿ ಸಿಟ್ಟಾದರು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಇನ್ನು ತಡೆದರೆ ಆಗುವುದಿಲ್ಲವೆನಿಸಿತು.

"ಅಕ್ಕಾ, ಮೊದ್ಲು ಚೀಟಿ ಕಿತ್ತಿದ್ದು ನಾನು. ನಾಲ್ಕನೇ ಪುಸ್ತಕದ್ದು."

"ನೀವಿಬ್ರೂ ಹೋಗಿ ಚಾ ಕುಡ್ಕೊಂಡು ಬನ್ರೇ" ಎಂದು ಹುಡುಗಿಯರನ್ನು ಕಳಿಸಿದರು.

"ಬರೀದೇ ಇದ್ದಿದ್ದಾ?"

"ಹೂಂ."

"ಅವತ್ತೇ ಹೇಳ್ಬಾರ್ದಿತ್ತನೇ? ನಾನೇನು ನಿನ್ನ ತಿಂದ್ಹಾಕ್ತಿದ್ನಾ? ಮಕ್ಕಳಾಟ ಅಂತ ಗೊತ್ತಿದ್ರೆ ಇನ್ನೊಂದು ಚೀಟಿ ಅಂಟಿಸ್ತಿದ್ದೆ. ನೀವ್ಯಾರೂ ಒಪ್ಕೊಳ್ದೇ ಹೋದಾಗ, ದೊಡ್ಡೋರು ಯಾರೋ ಬೇಕಂತ ಕಿತ್ತಿದಾರೆ, ಮಂಜು ಪುಸ್ತಕ ಊರಿಗೇ ಬೇಡ ಆಯ್ತು ಅಂದ್ಕೊಂಡೆ. ಎಷ್ಟು ಅತ್ತಿದೀನಿ ಗೊತ್ತನೇ?"

"ತಪ್ಪಾಯ್ತು ಅಕ್ಕಾ."

ಇರಲಿ ಬಿಡು ಎಂದು ಅವರು ಹೇಳಲಿಲ್ಲ. ಹೇಳಿಯಾರು ಎಂದು ಕಾದಿದ್ದೆ, ಸುಳ್ಳು ಯಾಕೆ. ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ. ಅವರು ಕನ್ನಡಕ ತೆಗೆದರು.

"ಹಂಗಾದ್ರೆ ನೋಡಿದೀಯಾ ನೀನು, ಎರಡು ತಟ್ಟೆ."

"ನೋಡಿದೀನಿ."

"ನಾನೂ ಹಂಗೇ ಇಡ್ತಿದ್ದೆ ಕಣೆ. ಎಷ್ಟೋ ದಿನ. ಇಟ್ಟು, ಆಮೇಲೆ ತೆಗ್ದಿಡೋದು. ಅದ್ಯಾರೋ ಎಲ್ಲೋ ಕೂತು ಚಿತ್ರ ಬರ್ದೋನಿಗೆ ಹೆಂಗೆ ಗೊತ್ತಾಯ್ತೋ." ನನ್ನ ಕಡೆ ತಿರುಗಿ ಕೇಳಿದರು. "ಸಿನಿಮಾದಲ್ಲಿ ಇದ್ಯಾ ಅದು?"

"ಇಲ್ಲ ಅಕ್ಕಾ. ಬಿಟ್ಬಿಟ್ಟಿದಾರೆ. ಮೂರು ಗಂಟೆಯಲ್ಲಿ ಒಬ್ರೂ ಊಟಕ್ಕೇ ಕೂರಲ್ಲ."

"ಒಳ್ಳೇದಾಯ್ತು" ಎಂದರು. ರವಿಕೆ ಎತ್ತಿಕೊಂಡು ಮತ್ತೆರಡು ಎಳೆ ದಾರ ಬಿಚ್ಚಿದರು. ಆಮೇಲೆ ಅದನ್ನು ತೊಡೆಯ ಮೇಲೆ ಇಳಿಸಿದರು.

"ಇರ್ಬೇಕಿತ್ತು ಕಣೆ."

ನನ್ನ ಬಸ್ಸಿಗೆ ಹೊತ್ತಾಗಿತ್ತು. ನಾನು ಏಳಲಿಲ್ಲ. ಮಂಜು ಹೇಗಿದ್ದ ಅಕ್ಕಾ, ಎಂದು ಕೇಳಿದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ಅವನು ಹೇಗೆ ಸತ್ತ ಎಂದು ಎಲ್ಲರೂ ಕೇಳಿದ್ದರಂತೆ, ಹೇಗಿದ್ದ ಎಂದು ಈವರೆಗೆ ಯಾರೂ ಕೇಳಿರಲಿಲ್ಲವಂತೆ.